ನಮ್ಮ ರಕ್ತ, ನಮ್ಮ ದನಿ, ನಿಮ್ಮ ಫೈಲು

ಹೋದ ಸಂಚಿಕೆಯ ಈ ಕಾಲಂನಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರ ಒಂದು ರೇಡಿಯೊ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಅವರ ಹತ್ರ ಇರೋ ಮಾವೋರಿ ಭಾಷೆಯ ರೆಕಾರ್ಡಿಂಗ್‌ಗಳನ್ನ ದೊಡ್ಡ ಕಂಪನಿಗಳು ಕೇಳಿದ್ವು, ಅವರು ಕೊಡಲ್ಲ ಅಂದ್ರು, ಅಷ್ಟೇ ವಿಷ್ಯ. ಜಾಗ ತುಂಬಿಸೋಕೆ ಹಾಕಿದ್ದು ಅಂದ್ರೂ ತಪ್ಪಿಲ್ಲ. ಆದ್ರೆ ಬಂದಿರೋ ಪತ್ರಗಳು ನೋಡಿದ್ರೆ ಅದೊಂದರ ಮೇಲೇ ಎಲ್ರೂ ಬಿದ್ದಿದ್ದಾರೆ, ಕೆಲವರಿಗೆ ಖುಷಿ, ಕೆಲವರಿಗೆ ಸಿಟ್ಟು, ಒಬ್ರಂತೂ "ಇದೆಲ್ಲ ಓವರ್ ಆಯ್ತು" ಅಂತ ಒಂದೇ ಸಾಲು ಬರೆದು ಕಳಿಸಿದ್ದಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಎಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ತಗೊಂಡಿದ್ದೀನಿ. ಹೆಸರು ಬೇಡ ಅಂತ ಹಲವರು ಕೇಳಿದ್ರು, ಅದಕ್ಕೆ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ ಸಾರ್. ಒಂದು ಸಣ್ಣ ಭಾಷೆ ಉಳೀಬೇಕು ಅಂದ್ರೆ ಅದರ ಡೇಟಾ ಎಲ್ಲರಿಗೂ ಸಿಗಬೇಕು, ಆಗ ತಾನೆ ಫೋನಿಗೆ, ಕಂಪ್ಯೂಟರಿಗೆ ಆ ಭಾಷೆ ಬರೋದು. ಕೊಡಲ್ಲ ಅಂತ ಕೂತ್ಕೊಂಡ್ರೆ ಲಾಸ್ ಅವರಿಗೇ ಅಲ್ವಾ?

ಉತ್ತರ: ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. ಆದ್ರೆ ಅವರು ಸುಮ್ನೆ ಕೂತ್ಕೊಂಡಿಲ್ಲ, ತಾವೇ ಮಾಡಿದ್ದಾರೆ, ಕಥೆಯ ಆ ಅರ್ಧವನ್ನ ನಾನು ಹೋದ ಸಲ ಬರೀಲಿಲ್ಲ, ತಪ್ಪು ನಂದೇ.

ಆ ರೇಡಿಯೊ ಹೆಸರು ಟೆ ಹಿಕು ಮೀಡಿಯಾ, ನ್ಯೂಜಿಲೆಂಡಿನ ಉತ್ತರದ ತುದಿಯಲ್ಲಿರೋ ಕೈತಾಯ ಅನ್ನೋ ಸಣ್ಣ ಊರಲ್ಲಿದೆ. ಪೀಟರ್ ಲೂಕಸ್ ಜೋನ್ಸ್ ಅಂತ ಅದರ ಮುಖ್ಯಸ್ಥರು, ಟೆಕ್ನಾಲಜಿ ನೋಡ್ಕೊಳ್ಳೋರು ಕಿಯೋನಿ ಮಹೆಲೋನಾ, ಇವರು ಹವಾಯಿಯ ಮೂಲನಿವಾಸಿ. ವರ್ಷಾನುಗಟ್ಟಲೆ ಹಿರಿಯರನ್ನ ಕೂರಿಸಿ ಮಾತಾಡಿಸಿ ರೆಕಾರ್ಡ್ ಮಾಡಿಟ್ಟಿದ್ರು, ಅದನ್ನೆಲ್ಲ ಕಿವಿಯಲ್ಲಿ ಕೇಳಿ ಕೇಳಿ ಬರೆದಿಡೋಕೆ ಜನ ಎಲ್ಲಿಂದ ತರೋದು, ಸರಿ ಕಂಪ್ಯೂಟರಿಗೇ ಮಾವೋರಿ ಕಲಿಸೋಣ ಅಂತ 2018ರಲ್ಲಿ ಜನರಿಗೆ ಕರೆ ಕೊಟ್ರು, ಬಂದು ಈ ವಾಕ್ಯಗಳನ್ನ ಓದಿ ಅಂತ. ಹತ್ತು ದಿನದಲ್ಲಿ ಸುಮಾರು 2,500 ಜನ ಓದಿ 310 ಗಂಟೆ ದನಿ ಸೇರ್ತು! ಅದರಿಂದ ಮಾವೋರಿ ಮಾತನ್ನ ಅಕ್ಷರಕ್ಕಿಳಿಸೋ ಸಾಫ್ಟ್‌ವೇರ್ ತಯಾರಾಯ್ತು, ನೂರಕ್ಕೆ 92ರಷ್ಟು ಸರಿಯಾಗಿ ಬರೆಯುತ್ತೆ ಅಂತ ಅವರೇ ಲೆಕ್ಕ ಕೊಟ್ರು.

ಇದು ಸುದ್ದಿ ಆದ್ಮೇಲೆ ಕಂಪನಿಗಳು ಬಂದ್ವು. ಇವರು ಕೊಡಲ್ಲ ಅಂದಿದ್ದು ಯಾಕೆ ಅಂತ ಗೊತ್ತಾಗಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಭಾಷೆ ತಾನಾಗಿ ಸೊರಗಿದ್ದಲ್ಲ, ಸ್ಕೂಲಲ್ಲಿ ಮಾವೋರಿ ಮಾತಾಡಿದ ಮಕ್ಕಳಿಗೆ ಏಟು ಬೀಳ್ತಿತ್ತು, ಮಕ್ಕಳಿಗೆ ಏಟು ಬೀಳದಿರಲಿ ಅಂತ ತಾಯ್ತಂದೆ ಮನೇಲೂ ಇಂಗ್ಲಿಷೇ ಆಡೋಕೆ ಶುರು ಮಾಡಿದ್ರು. ಮಾವೋರಿಗೆ ಅಧಿಕೃತ ಭಾಷೆ ಅನ್ನೋ ಸ್ಥಾನ ಸಿಕ್ಕಿದ್ದೇ 1987ರಲ್ಲಿ. ಹೊಡೆದು ಬಿಡಿಸಿದ ಭಾಷೆಯನ್ನ ಈಗ ಬೇರೆಯವರು ಪ್ಯಾಕೆಟ್ ಮಾಡಿ ನಮಗೇ ತಿರುಗಿ ಮಾರ್ತೀವಿ ಅಂತಾರೆ, ಇದು ಟೆ ಹಿಕು ಜನರ ವಾದದ ಸಾರ. ಜಮೀನು ಹೋಗಿದ್ದೂ ಹೀಗೇ, ಮೊದಲು ಒಂದು ಕಾಗದ, ಆಮೇಲೆ ಬೇಲಿ.

ಅದಕ್ಕೆ ಅವರು ತಮ್ಮದೇ ಒಂದು ಲೈಸೆನ್ಸ್ ಮಾಡಿದ್ದಾರೆ, ಹೆಸರಲ್ಲೇ ಕೈತಿಯಾಕಿತಂಗ ಅನ್ನೋ ಮಾವೋರಿ ಪದ ಇದೆ. ಅದಕ್ಕೆ ಕನ್ನಡದಲ್ಲಿ ಕಾಪು ಅನ್ನಬಹುದು, ಒಂದು ವಸ್ತುವನ್ನ ಮುಂದಿನ ತಲೆಮಾರಿಗೆ ತಲುಪಿಸೋತನಕ ಜೋಪಾನ ಮಾಡೋ ಹೊಣೆ. ನಾವು ಇದರ ಓನರ್ ಅಲ್ಲ, ಕಾಯೋರು ಅಂತಾರೆ ಅವರು, ಮಾವೋರಿ ಜನರಿಗೆ ಉಪಯೋಗ ಆಗುತ್ತೆ ಅಂತ ಕಂಡ್ರೆ ಮಾತಾಡಿ ಕೊಡ್ತಾರೆ.

ನಿಮ್ಮ ಫೀಲ್ಡಿನವರೇ ಮಾಡಿದ ಇನ್ನೊಂದು ಕೆಲಸನೂ ಕೇಳಿ. 2022ರಲ್ಲಿ ಓಪನ್‌ಎಐ ಕಂಪನಿ ಮಾತನ್ನ ಅಕ್ಷರಕ್ಕಿಳಿಸೋ ವಿಸ್ಪರ್ ಅನ್ನೋ ಮಾಡೆಲ್ ಬಿಡ್ತು, 6,80,000 ಗಂಟೆ ಆಡಿಯೊ ಕೇಳಿ ಕಲಿತಿದ್ದು, ಎಲ್ಲ ಇಂಟರ್ನೆಟ್ಟಿಂದ ಎತ್ತಿಕೊಂಡಿದ್ದು. ಅದರಲ್ಲಿ ಮಾವೋರಿ 1,381 ಗಂಟೆ, ಹವಾಯಿ ಭಾಷೆ 338 ಗಂಟೆ. ಎಲ್ಲಿಂದ ಬಂತು, ಯಾರ ಅಜ್ಜಿಯ ದನಿ, ಯಾರನ್ನ ಕೇಳಿದ್ರಿ ಅಂತ ಟೆ ಹಿಕು ಜನ ಕೇಳಿದ್ರು. ಬಾಗಿಲಲ್ಲಿ ನಿಂತು ಕೇಳಿದವರಿಗೆ ಇಲ್ಲ ಅನ್ನಬಹುದು, ಕಿಟಕಿಯಿಂದ ಎತ್ಕೊಂಡು ಹೋದವರಿಗೆ ಏನಂತ ಹೇಳೋದು?

ಪ್ರಶ್ನೆ: ರಿಸರ್ಚಿಗೆ ಅಂತ ರಕ್ತ ಕೊಟ್ಟವರು ಫಾರಂಗೆ ಸೈನ್ ಹಾಕಿರ್ತಾರೆ. ಸೈನ್ ಹಾಕಿದ್ಮೇಲೆ ಮತ್ತೆ ನಮ್ಮದು ನಮ್ಮದು ಅನ್ನೋದು ಸರಿನಾ? ನಾನು ಲ್ಯಾಬ್ ಟೆಕ್ನಿಷಿಯನ್, ಅದಕ್ಕೆ ಕೇಳ್ತಿದ್ದೀನಿ.

ಉತ್ತರ: ನಿಮ್ಮ ಪ್ರಶ್ನೆಗೆ ಹವಸುಪಾಯಿ ಜನರ ಕೇಸು ಹೇಳಲೇಬೇಕು ಮೇಡಂ.

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ತಳದಲ್ಲಿ ಇವರ ಊರು, ಈಗಲೂ ಅಲ್ಲಿಗೆ ರಸ್ತೆ ಇಲ್ಲ, ನಡೆದೋ ಹೇಸರಗತ್ತೆ ಮೇಲೋ ಹೆಲಿಕಾಪ್ಟರಲ್ಲೋ ಹೋಗಬೇಕು. ಕೆಲವೇ ನೂರು ಜನ. ಶುಗರ್ ಕಾಯಿಲೆ ಅವರಲ್ಲಿ ಸಿಕ್ಕಾಪಟ್ಟೆ, ಕಾಲು ಕತ್ತರಿಸಿಕೊಂಡವರು ಬಹಳ. 1990ರಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು ಬಂದು ಶುಗರ್ ಯಾಕೆ ಹೀಗೆ ಬರುತ್ತೆ ನೋಡೋಣ ಅಂದಾಗ ಜನ ಖುಷಿಯಿಂದಲೇ ಕೈ ಚಾಚಿದ್ರು. ಫಾರಂನಲ್ಲಿ ಮಾತ್ರ ಶುಗರ್ ಅಂತ ಇರಲಿಲ್ಲ, ನಡವಳಿಕೆಯ ಮತ್ತು ದೇಹದ ಕಾಯಿಲೆಗಳ ಕಾರಣ ಹುಡುಕೋಕೆ ಅನ್ನೋ ಥರದ ಅಗಲವಾದ ಮಾತಿತ್ತು. ಬಾಯಲ್ಲಿ ಹೇಳಿದ್ದೊಂದು, ಕಾಗದದಲ್ಲಿ ಇದ್ದದ್ದೊಂದು, ಓದೋರಿಗೆ ಇಂಗ್ಲಿಷ್ ಎರಡನೇ ಭಾಷೆ.

2003ರಲ್ಲಿ ಅದೇ ಬುಡಕಟ್ಟಿನ ಒಬ್ಬ ಹೆಣ್ಣುಮಗಳು ಯೂನಿವರ್ಸಿಟಿಯಲ್ಲಿ ಒಂದು ಪಿಎಚ್‌ಡಿ ಪ್ರೆಸೆಂಟೇಶನ್ ಕೇಳೋಕೆ ಹೋಗಿ ಕೂತಿದ್ರು, ಕೇಳ್ತಾ ಕೇಳ್ತಾ ಗೊತ್ತಾಯ್ತು, ಪರದೆ ಮೇಲೆ ಇರೋದು ತಮ್ಮ ಜನರ ರಕ್ತ! ಎದ್ದು ನಿಂತು ಇದಕ್ಕೆ ಪರ್ಮಿಷನ್ ತಗೊಂಡ್ರಾ ಅಂತ ಕೇಳಿದ್ರು. ಆಮೇಲೆ ಒಂದೊಂದೇ ಹೊರಗೆ ಬಂತು: ಅದೇ ರಕ್ತದಲ್ಲಿ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಹುಡುಕಿದ್ರು, ರಕ್ತಸಂಬಂಧದಲ್ಲಿ ಮದುವೆ ಎಷ್ಟು ಅಂತ ಲೆಕ್ಕ ಹಾಕಿದ್ರು, ಇವರ ಪೂರ್ವಿಕರು ಏಷ್ಯಾದಿಂದ ಹಿಮದ ದಾರಿಯಲ್ಲಿ ಬಂದವರು ಅನ್ನೋದಕ್ಕೂ ಬಳಸಿದ್ರು. ಆ ಜನರ ನಂಬಿಕೆ ಪ್ರಕಾರ ಅವರು ಹುಟ್ಟಿದ್ದೇ ಆ ಕಣಿವೆಯಲ್ಲಿ, ಅದರ ಕಾವಲಿಗೆ ಅಂತಲೇ. ಆ ನೆಲದ ಮೇಲಿನ ಹಕ್ಕನ್ನೂ ಅವರು ಆ ಹುಟ್ಟಿನ ಕಥೆಯಿಂದ ಬಿಡಿಸಿ ನೋಡೋರಲ್ಲ. ಶುಗರಿಗೆ ಔಷಧಿ ಸಿಗಬಹುದು ಅಂತ ಕೊಟ್ಟ ರಕ್ತ ಅವರ ಹುಟ್ಟಿನ ಕಥೆಯ ಮೇಲೇ ಸಾಕ್ಷಿ ಹೇಳೋ ಹಾಗಾಯ್ತು.

2004ರಲ್ಲಿ ಕೋರ್ಟಿಗೆ ಹೋದ್ರು, 2010ರಲ್ಲಿ ರಾಜಿ ಆಯ್ತು. 41 ಜನಕ್ಕೆ ಒಟ್ಟು 7 ಲಕ್ಷ ಡಾಲರ್, ಉಳಿದ ರಕ್ತದ ಸ್ಯಾಂಪಲ್ ವಾಪಸ್. ಫ್ರೀಜರಿಂದ ತೆಗೆದ ಸಣ್ಣ ಸಣ್ಣ ಟ್ಯೂಬುಗಳ ಮುಂದೆ ನಿಂತು ಅವರು ಅತ್ತರು, ಹಾಡಿದ್ರು, ಯಾಕಂದ್ರೆ ರಕ್ತ ಕೊಟ್ಟವರಲ್ಲಿ ಕೆಲವರು ಅಷ್ಟರಲ್ಲಿ ಸತ್ತು ಹೋಗಿದ್ರು.

ಈಗ ನಿಮ್ಮ ಸೈನ್ ವಿಚಾರ. ಒಬ್ಬ ವ್ಯಕ್ತಿ ಸೈನ್ ಹಾಕಬಹುದು, ಆದ್ರೆ ಆ ರಕ್ತದಲ್ಲಿರೋದು ಅವನೊಬ್ಬನ ಸುದ್ದಿ ಅಲ್ಲ, ಅವನ ಅಣ್ಣತಮ್ಮಂದಿರದ್ದು, ಇನ್ನೂ ಹುಟ್ಟದ ಮೊಮ್ಮಕ್ಕಳದ್ದು. ಪೇಪರಲ್ಲಿ "ಈ ಬುಡಕಟ್ಟಿನಲ್ಲಿ ಇಂಥ ಕಾಯಿಲೆ ಜಾಸ್ತಿ" ಅಂತ ಅಚ್ಚಾದ್ರೆ ಸೈನ್ ಹಾಕದವನಿಗೂ ಆ ಹಣೆಪಟ್ಟಿ ಅಂಟ್ಕೊಳ್ಳುತ್ತೆ, ಹೆಸರು ಮುಚ್ಚಿಟ್ರೂ ಅಷ್ಟೇ, ಆರುನೂರು ಜನರ ಗುಂಪಲ್ಲಿ ಯಾರ ಹೆಸರು ಮುಚ್ಚಿ ಏನು ಪ್ರಯೋಜನ. ಕೆನಡಾದ ನು-ಚಾ-ನುಲ್ತ್ ಜನರದ್ದೂ ಇದೇ ಪಾಡು, 1980ರ ದಶಕದಲ್ಲಿ ಕೀಲುನೋವಿಗೆ ಅಂತ 883 ಜನ ಕೊಟ್ಟ ರಕ್ತ ಸಂಶೋಧಕರ ಬ್ಯಾಗಲ್ಲಿ ಅಮೆರಿಕ, ಇಂಗ್ಲೆಂಡ್ ಎಲ್ಲ ಸುತ್ತಿ ಬೇರೆ ಬೇರೆ ಸಂಶೋಧನೆಗೆ ಬಳಕೆಯಾಗಿ 2004ರಲ್ಲಿ ಊರಿಗೆ ವಾಪಸ್ ಬಂತು.

ಪ್ರಶ್ನೆ: ಪೆಸಿಫಿಕ್ ದ್ವೀಪಗಳಲ್ಲಿ ಇರೋದೇ ಹಿಡಿ ಜನ. ಅವರ ಡೇಟಾ ತಗೊಂಡು ಯಾರಿಗೆ ಏನಾಗಬೇಕು? ಸುಮ್ನೆ ಇಲ್ಲದ ಭಯ ಅನ್ಸುತ್ತೆ.

ಉತ್ತರ: ಹಿಡಿ ಜನ ಅನ್ನೋದಕ್ಕೇ ಬೆಲೆ ಜಾಸ್ತಿ ಸ್ವಾಮಿ. ಹೊರಗಿನವರ ಜೊತೆ ಹೆಚ್ಚು ಬೆರೆಯದೆ, ಒಂದೇ ದ್ವೀಪದಲ್ಲಿ ದೊಡ್ಡ ದೊಡ್ಡ ಕೂಡುಕುಟುಂಬ ಕಟ್ಕೊಂಡು ತಲೆಮಾರುಗಟ್ಟಲೆ ಬದುಕಿದವರಲ್ಲಿ ಕಾಯಿಲೆಯ ಜೀನ್ ಹುಡುಕೋದು ಸುಲಭ.

2000ದ ನವೆಂಬರಿನಲ್ಲಿ ಆಟೋಜೆನ್ ಅನ್ನೋ ಆಸ್ಟ್ರೇಲಿಯಾ ಕಂಪನಿ ಟೊಂಗಾ ದೇಶದ ಆರೋಗ್ಯ ಇಲಾಖೆ ಜೊತೆ ಒಪ್ಪಂದ ಆಗಿದೆ, ಟೊಂಗಾ ಜನರ ಜೀನ್‌ಗಳ ಡೇಟಾಬೇಸ್ ಮಾಡ್ತೀವಿ ಅಂತ ಪ್ರಕಟಿಸ್ತು. ಬದಲಿಗೆ ಸಂಶೋಧನೆಗೆ ದುಡ್ಡು, ಲಾಭದಲ್ಲಿ ಪಾಲು. ಟೊಂಗಾದಲ್ಲಿ ಚರ್ಚುಗಳು, ಮಾನವ ಹಕ್ಕು ಮತ್ತು ಪ್ರಜಾಪ್ರಭುತ್ವದ ಚಳವಳಿಯವರು ಎದ್ದು ಕೂತ್ರು. ಕಂಪನಿ ಒಬ್ಬೊಬ್ಬರನ್ನೂ ಕೇಳಿಯೇ ತಗೋತೀವಿ ಅಂತಿತ್ತು, ಇವರು ಕೇಳಿದ್ದು ಒಬ್ಬ ಹೂಂ ಅಂದ್ರೆ ಅವನ ಇಡೀ ಕುಟುಂಬದ ಪರವಾಗಿ ಹೂಂ ಅಂದ ಹಾಗಾಗುತ್ತಲ್ಲ, ಆ ಕುಟುಂಬವನ್ನ ಕೇಳಿದವರು ಯಾರು ಅಂತ. ಮೇಲಿನ ಸೈನ್ ಪ್ರಶ್ನೆಗೆ ನಾನು ಒಂದು ಪುಟ ಬರೆದೆ, ಟೊಂಗಾದವರು ಒಂದು ಮಾತಲ್ಲಿ ಕೇಳಿದ್ರು. ಕೊನೆಗೆ ಕಂಪನಿ ಆ ಯೋಜನೆ ಕೈಬಿಡ್ತು.

ಅದಕ್ಕೂ ಮುಂಚೆ ಪಪುವಾ ನ್ಯೂಗಿನಿಯಲ್ಲಿ ಇನ್ನೂ ವಿಚಿತ್ರ ಆಗಿತ್ತು. ಹಗಹಾಯ್ ಅಂತ ಬೆಟ್ಟದ ಸಣ್ಣ ಜನಾಂಗ, ಹೊರಜಗತ್ತಿನ ಜೊತೆ ಸರಿಯಾಗಿ ಸಂಪರ್ಕಕ್ಕೆ ಬಂದಿದ್ದೇ 1984ರಲ್ಲಿ. ಅವರಲ್ಲೊಬ್ಬನ ರಕ್ತದ ಜೀವಕೋಶಗಳಿಂದ ಬೆಳೆಸಿದ ಸೆಲ್ ಲೈನಿಗೆ (ಲ್ಯಾಬಲ್ಲಿ ಬೆಳೀತಾನೇ ಇರೋ ಕೋಶಗಳ ಸಾಲು) 1995ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ತು, ಪೇಟೆಂಟ್ ಯಾರ ಕೈಲಿ ಅಂದ್ರೆ ಅಮೆರಿಕ ಸರ್ಕಾರದ ಕೈಲಿ! ಲಾಭ ಬಂದ್ರೆ ಹಗಹಾಯ್ ಜನರಿಗೂ ಪಾಲಿತ್ತು ಅಂತ ಜೊತೆಯಲ್ಲಿದ್ದ ಮಾನವಶಾಸ್ತ್ರಜ್ಞೆ ಹೇಳಿದ್ರು, ಅದನ್ನೂ ಹೇಳಿಬಿಡಬೇಕು. ಆದ್ರೂ ಗಲಾಟೆ ಜೋರಾಗಿ 1996ರಲ್ಲಿ ಅಮೆರಿಕ ಆ ಪೇಟೆಂಟ್ ಬಿಟ್ಟುಕೊಡ್ತು.

ಇದೆಲ್ಲಕ್ಕಿಂತ ನನಗೆ ನಿದ್ದೆ ಕೆಡಿಸಿದ್ದು ಮಾರ್ಷಲ್ ದ್ವೀಪಗಳ ಕಥೆ. 1954ರ ಮಾರ್ಚ್ 1ಕ್ಕೆ ಅಮೆರಿಕ ಅಲ್ಲಿನ ಬಿಕಿನಿ ದ್ವೀಪದಲ್ಲಿ ಬ್ರಾವೊ ಅನ್ನೋ ಹೈಡ್ರೋಜನ್ ಬಾಂಬ್ ಸಿಡಿಸ್ತು, 15 ಮೆಗಾಟನ್, ಹಿರೋಶಿಮಾದ ಬಾಂಬಿಗಿಂತ ಸಾವಿರ ಪಟ್ಟು. ಪಕ್ಕದ ರೊಂಗೆಲಾಪ್ ದ್ವೀಪದ ಮೇಲೆ ಬಿಳಿ ಬೂದಿ ಉದುರ್ತು, ಮಕ್ಕಳು ಅದರಲ್ಲಿ ಆಟ ಆಡಿದ್ರು. ಎರಡು ದಿನ ಬಿಟ್ಟು ಜನರನ್ನ ಸಾಗಿಸಿದ್ರು, ಸಾಗಿಸಿದ ಕೆಲವೇ ದಿನದಲ್ಲಿ ಅವರ ಮೈಮೇಲೆ ಒಂದು ಸ್ಟಡಿ ಶುರುವಾಯ್ತು, ಪ್ರಾಜೆಕ್ಟ್ 4.1 ಅಂತ, ಮನುಷ್ಯರ ಮೇಲೆ ವಿಕಿರಣ ಏನು ಮಾಡುತ್ತೆ ಅನ್ನೋದರ ಲೆಕ್ಕ. 1957ರಲ್ಲಿ ಸೇಫ್ ಆಗಿದೆ ಅಂತ ಊರಿಗೆ ವಾಪಸ್ ಕರೆತಂದು ಬಿಟ್ರು. ಆಮೇಲೆ ವರ್ಷ ವರ್ಷ ಡಾಕ್ಟರುಗಳು ಬರೋರು, ರಕ್ತ ತಗೊಳ್ಳೋರು, ಥೈರಾಯ್ಡ್ ಮುಟ್ಟಿ ನೋಡೋರು, ಬರ್ಕೊಂಡು ಹೋಗೋರು. ಜನರ ಕೈಗೆ ಆ ಬರ್ಕೊಂಡಿದ್ದು ಬರಲಿಲ್ಲ, ಆ ಸ್ಟಡಿಯ ಬಹಳಷ್ಟು ಕಾಗದಪತ್ರ ಸೀಕ್ರೆಟ್ ಮುದ್ರೆ ಕಳಚಿ ಹೊರಬರೋಕೆ 1990ರ ದಶಕ ಆಗಬೇಕಾಯ್ತು. ಅಷ್ಟರಲ್ಲಿ ರೊಂಗೆಲಾಪ್ ಜನ ಕಾದು ಸಾಕಾಗಿ 1985ರಲ್ಲಿ ತಾವೇ ಊರು ಬಿಟ್ಟಿದ್ರು, ಗ್ರೀನ್‌ಪೀಸ್ ಅನ್ನೋ ಪರಿಸರ ಸಂಘಟನೆಯವರ ರೇನ್‌ಬೋ ವಾರಿಯರ್ ಹಡಗಲ್ಲಿ ಗಂಟುಮೂಟೆ ಹೇರ್ಕೊಂಡು.

ಇಲ್ಲದ ಭಯ ಅಂದ್ರಲ್ಲ, ಅವರ ಮೈಯ ಲೆಕ್ಕ ಅವರಿಗೆ ಬಿಟ್ಟು ಬೇರೆಯವರಿಗೆಲ್ಲ ಗೊತ್ತಿತ್ತು.

ಪ್ರಶ್ನೆ: ಕೇರ್ ಪ್ರಿನ್ಸಿಪಲ್ಸ್ ಅಂತ ಏನೋ ಇದೆಯಂತೆ, ಸೆಮಿನಾರಿಗೆ ಬೇಕು, ಬೇಗ ತಿಳಿಸಿ.

ಉತ್ತರ: ಬೇಗ ಅಂದ್ರೆ ಬೇಗ. 2016ರಲ್ಲಿ ವಿಜ್ಞಾನಿಗಳು ಫೇರ್ ಅಂತ ನಿಯಮ ಮಾಡಿದ್ರು, ಡೇಟಾ ಹುಡುಕಿದ್ರೆ ಸಿಗಬೇಕು, ತೆರೆಯೋಕಾಗಬೇಕು, ಒಂದರ ಜೊತೆ ಒಂದು ಹೊಂದಬೇಕು, ಮತ್ತೆ ಮತ್ತೆ ಬಳಸೋಕಾಗಬೇಕು ಅಂತ. ಎಲ್ಲ ಡೇಟಾ ಬಗ್ಗೆ, ಜನರ ಬಗ್ಗೆ ಒಂದಕ್ಷರ ಇಲ್ಲ. ಅದಕ್ಕೆ 2019ರಲ್ಲಿ ಮೂಲನಿವಾಸಿ ಸಂಶೋಧಕರ ಜಾಗತಿಕ ಒಕ್ಕೂಟ ಕೇರ್ ಅಂತ ಜೋಡಿಸ್ತು: ಸಮುದಾಯಕ್ಕೆ ಲಾಭ ಆಗಬೇಕು, ನಿರ್ಧಾರ ಮಾಡೋ ಅಧಿಕಾರ ಅವರಿಗಿರಬೇಕು, ಬಳಸೋರಿಗೆ ಹೊಣೆ ಇರಬೇಕು, ನೀತಿ ಇರಬೇಕು. ಕೆನಡಾದ ಫಸ್ಟ್ ನೇಷನ್ಸ್ ಅನ್ನೋ ಮೂಲನಿವಾಸಿ ಜನ 1998ರಲ್ಲೇ ಇದಕ್ಕಿಂತ ಖಡಕ್ಕಾಗಿ ಹೇಳಿದ್ರು, ಒಡೆತನ, ಹಿಡಿತ, ನೋಡೋ ಹಕ್ಕು, ಜೊತೆಗೆ ಡೇಟಾ ನಮ್ಮ ವಶದಲ್ಲೇ ಇರಬೇಕು ಅಂತ. ನನಗೆ ಕೊನೇದೇ ಇಷ್ಟ, ಫೈಲು ಯಾರ ಬೀರುವಿನಲ್ಲಿದೆ ಅನ್ನೋದು ಮುಖ್ಯ. ಸೆಮಿನಾರಲ್ಲಿ ವಿಶ್ವಸಂಸ್ಥೆಯ 2007ರ ಮೂಲನಿವಾಸಿ ಹಕ್ಕುಗಳ ಘೋಷಣೆಯ 31ನೇ ವಿಧಿಯನ್ನೂ ಸೇರಿಸಿ, ತಮ್ಮ ಪರಂಪರೆ, ಜ್ಞಾನದ ಮೇಲೆ ಹಿಡಿತ ತಮ್ಮದೇ ಅನ್ನೋ ಹಕ್ಕು ಅದರಲ್ಲಿದೆ, ಆ ಘೋಷಣೆಗೆ ವಿರುದ್ಧ ವೋಟು ಹಾಕಿದ್ದು ನಾಲ್ಕೇ ದೇಶ, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ನಾಲ್ಕೂ ಆಮೇಲೆ ಮನಸ್ಸು ಬದಲಾಯಿಸಿದ್ವು.

ಪ್ರಶ್ನೆ: ಇದಕ್ಕೆ ಪ್ರೈವೆಸಿ ಕಾನೂನು ಸಾಲದಾ? ಎಲ್ಲರ ಡೇಟಾ ಹೇಗೋ ಇವರದ್ದೂ ಹಾಗೇ ಬೀಗ ಹಾಕಿ ಇಟ್ಟರಾಯ್ತು.

ಉತ್ತರ: ಬೀಗ ಹಾಕೋದೇ ಕೆಲವು ಸಲ ಪ್ರಾಬ್ಲಂ. ಈ ವಿಷಯದಲ್ಲಿ ಎಲ್ರೂ ಮುಚ್ಚಿಡೋದರ ಬಗ್ಗೇನೇ ಮಾತಾಡ್ತಾರೆ, ನನ್ನ ಪ್ರಕಾರ ಅರ್ಧ ಜಗಳ ಇರೋದು ತಮ್ಮ ಡೇಟಾ ತಮಗೇ ಸಿಗಲ್ಲ ಅನ್ನೋದರಲ್ಲಿ.

2021ರ ಕೋವಿಡ್ ಟೈಮಲ್ಲಿ ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ಮಾವೋರಿಗಳ ಲಸಿಕೆ ಹಿಂದೆ ಬಿದ್ದಿತ್ತು. ಫಾನೌ ಓರಾ ಅನ್ನೋ ಮಾವೋರಿ ಸೇವಾ ಸಂಸ್ಥೆಯವರು ಯಾರು ಯಾರು ಲಸಿಕೆ ಹಾಕಿಸಿಲ್ಲ, ಅವರ ಹೆಸರು, ವಿಳಾಸ, ಫೋನ್ ಕೊಡಿ, ನಮ್ಮ ಜನ ನಾವು ಮನೆಮನೆಗೆ ಹೋಗಿ ಮಾತಾಡ್ತೀವಿ ಅಂತ ಆರೋಗ್ಯ ಇಲಾಖೆಯನ್ನ ಕೇಳಿದ್ರು. ಇಲಾಖೆ ಕೊಡಲಿಲ್ಲ, ಪ್ರೈವೆಸಿ ಅಂತು, ಈಗಾಗಲೇ ನಿಮ್ಮಲ್ಲಿ ಬರ್ತಾ ಇರೋರದ್ದು ಬೇಕಾದ್ರೆ ತಗೊಳ್ಳಿ ಅಂತು. ಇವರು ಹೈಕೋರ್ಟಿಗೆ ಹೋದ್ರು. ನವೆಂಬರಿನಲ್ಲಿ ಕೋರ್ಟು, ಬ್ರಿಟಿಷರೂ ಮಾವೋರಿ ಮುಖಂಡರೂ ಮಾಡ್ಕೊಂಡ 1840ರ ವೈಟಾಂಗಿ ಒಪ್ಪಂದದ ತತ್ವಗಳನ್ನ ಗಮನದಲ್ಲಿಟ್ಟು ಮತ್ತೆ ಯೋಚನೆ ಮಾಡಿ ಅಂತ ಇಲಾಖೆಗೆ ಹೇಳ್ತು. ಯೋಚನೆ ಮಾಡಿದ ಇಲಾಖೆ ಪೂರ್ತಿ ಕೊಡೋಕೆ ಮತ್ತೆ ಒಪ್ಪಲಿಲ್ಲ! ಮತ್ತೆ ಕೋರ್ಟು, ಡಿಸೆಂಬರಿನಲ್ಲಿ ಮತ್ತೆ ಇವರ ಪರ ತೀರ್ಪು, ಆಮೇಲೆ ಕೊಡೋಕೆ ಒಪ್ಪಿದ್ರು. ರೋಗ ಹರಡ್ತಾ ಇರೋವಾಗ ಫೋನ್ ನಂಬರಿಗೋಸ್ಕರ ಎರಡು ಸಲ ಕೋರ್ಟು ಹತ್ತಬೇಕಾಯ್ತು. ಪ್ರೈವೆಸಿ ಬೇಡ ಅಂತ ನಾನು ಹೇಳ್ತಿಲ್ಲ, ಇಲಾಖೆ ವಾದದಲ್ಲೂ ಹುರುಳಿದೆ, ತನ್ನ ನಂಬರನ್ನ ಇನ್ನೊಂದು ಸಂಸ್ಥೆಗೆ ಕೊಟ್ಟಿದ್ದು ಇಷ್ಟ ಆಗದ ಮಾವೋರಿನೂ ಇರ್ತಾನೆ. ಆದ್ರೆ ಆ ನಂಬರು ಕೊಡೋದು ಬಿಡೋದು ಯೋಚಿಸೋ ಮೇಜಿನ ಸುತ್ತ ಮಾವೋರಿಗಳಿಗೆ ಕುರ್ಚಿನೇ ಇರಲಿಲ್ಲ ಅನ್ನೋದು ತಕರಾರು.

ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ಮ್ಯಾಗಿ ವಾಲ್ಟರ್, ಇವರು ಟಾಸ್ಮೇನಿಯಾದ ಪಲಾವ ಜನಾಂಗದವರು, ಸರ್ಕಾರಗಳು ಮೂಲನಿವಾಸಿಗಳ ಬಗ್ಗೆ ಯಾವ ಥರದ ಡೇಟಾ ಕೂಡಿಸುತ್ವೆ ಅಂತ ನೋಡಿ ಐದು ಮಾತಲ್ಲಿ ಹೇಳಿದ್ರು: ಬೇರೆಯವರಿಗಿಂತ ಎಷ್ಟು ಹಿಂದೆ, ಏನೇನಿಲ್ಲ, ಎಷ್ಟು ಅನನುಕೂಲ, ಏನು ಕೆಟ್ಟಿದೆ, ಎಷ್ಟು ಭಿನ್ನ. ಜೈಲಲ್ಲಿ ಎಷ್ಟು ಜನ, ಕುಡಿಯೋರು ಎಷ್ಟು, ಸ್ಕೂಲು ಬಿಟ್ಟವರು ಎಷ್ಟು ಅನ್ನೋದಕ್ಕೆ ಕಾಲಂ ಇರುತ್ತೆ, ಎಷ್ಟು ಮಕ್ಕಳು ಅಜ್ಜಿ ಹತ್ರ ಭಾಷೆ ಕಲಿತ್ರು ಅನ್ನೋದಕ್ಕೆ ಕಾಲಂ ಹುಡುಕಬೇಕು. ಲೆಕ್ಕ ಸುಳ್ಳಲ್ಲ, ಪ್ರಶ್ನೆ ಹಾಕಿದವರು ಬೇರೆ ಅಷ್ಟೇ.

ಪ್ರಶ್ನೆ: ನಾನು ನಿವೃತ್ತ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು. "ಸಮುದಾಯದ ಹಿಡಿತ" ಅಂತೀರಲ್ಲ, ಸಮುದಾಯ ಅಂದ್ರೆ ಯಾರಪ್ಪ? ನಾಲ್ಕು ಜನ ಮುಖಂಡರಾ? ಅವರು ಬೇಡ ಅಂದ್ರೆ ಉಳಿದವರ ಬಾಯಿಗೆ ಬೀಗವಾ?

ಉತ್ತರ: ಈ ಸಲದ ಒಳ್ಳೇ ಪ್ರಶ್ನೆ ನಿಮ್ಮದು ಮೇಷ್ಟ್ರೇ, ಚೆನ್ನಾಗಿರೋ ಉತ್ತರ ನನ್ನ ಹತ್ರ ಇಲ್ಲ.

ಅಮೆರಿಕದ ನವಾಹೊ ಜನ 2002ರಲ್ಲಿ ತಮ್ಮ ನೆಲದಲ್ಲಿ ಜೀನ್ ಸಂಶೋಧನೆಯನ್ನೇ ನಿಲ್ಲಿಸಿದ್ರು. ಅದು ಅವರ ಚುನಾಯಿತ ಸರ್ಕಾರದ ಮಟ್ಟದಲ್ಲಿ ಆದ ತೀರ್ಮಾನ, ನಾಲ್ಕು ಮುಖಂಡರ ಮಾತಲ್ಲ. ಆದ್ರೂ ನೀವು ಹೇಳೋದು ಅಲ್ಲೂ ತಪ್ಪಲ್ಲ, ಅಪರೂಪದ ಆನುವಂಶಿಕ ಕಾಯಿಲೆ ಇರೋ ಮಗುವಿನ ತಾಯಿಗೆ ಆ ನಿಷೇಧ ಬೇರೆ ಥರ ಕಾಣುತ್ತೆ, ನವಾಹೊಗಳ ಒಳಗೇ ಇದನ್ನ ಸಡಿಲಿಸಬೇಕಾ ಅಂತ ಚರ್ಚೆ ನಡೆದಿದೆ. ಇನ್ನು ಕೆಲವರು ಮೂರನೇ ದಾರಿ ಹಿಡಿದ್ರು, ಸೌತ್ ಡಕೋಟಾದ ಷಾಯೆನ್ ರಿವರ್ ಸೂ ಜನರ ನೆಲದಲ್ಲಿ ಮೂಲನಿವಾಸಿ ವಿಜ್ಞಾನಿಗಳೇ ನೇಟಿವ್ ಬಯೋಡೇಟಾ ಕನ್ಸಾರ್ಷಿಯಂ ಅಂತ ಬಯೋಬ್ಯಾಂಕ್ ಕಟ್ಟಿದ್ದಾರೆ, ಸ್ಯಾಂಪಲ್ ಅಲ್ಲೇ, ಕಾನೂನೂ ಅಲ್ಲಿನದೇ.

ಲೆಕ್ಕದ ಮೇಷ್ಟ್ರಾದ್ದರಿಂದ ನಿಮಗೆ ಇದು ಹೇಳಲೇಬೇಕು. ನ್ಯೂಜಿಲೆಂಡಿನ 2018ರ ಜನಗಣತಿಯನ್ನ ಆನ್‌ಲೈನಿಗೆ ತಿರುಗಿಸಿದಾಗ ಮಾವೋರಿಗಳಲ್ಲಿ ಫಾರಂ ತುಂಬಿದವರು ಸುಮಾರು 68 ಪರ್ಸೆಂಟ್, ಪೆಸಿಫಿಕ್ ಮೂಲದವರಲ್ಲಿ 65ರ ಆಸುಪಾಸು. ಖಾಲಿ ಬಿದ್ದ ಜಾಗಕ್ಕೆ ಬೇರೆ ಬೇರೆ ಇಲಾಖೆಗಳ ದಾಖಲೆಯಿಂದ ತುಂಬಿದ್ರು, ಅಂದ್ರೆ ತಾನು ಯಾರು ಅಂತ ಮನುಷ್ಯ ಹೇಳೋ ಬದಲು ಅವನ ಬಗ್ಗೆ ಯಾವುದೋ ಆಫೀಸಿನ ಫೈಲು ಹೇಳ್ತು. ಮಾವೋರಿ ಕುಲಗಳಿಗೆ ಇವಿ ಅಂತಾರೆ, ಆ ಇವಿವಾರು ಅಂಕಿಅಂಶ ಕ್ವಾಲಿಟಿ ಇಲ್ಲ ಅಂತ ಅಧಿಕೃತವಾಗಿ ಹೊರಗೆ ಬರಲೇ ಇಲ್ಲ. 2019ರಲ್ಲಿ ಗಣತಿ ಇಲಾಖೆಯ ಮುಖ್ಯಸ್ಥೆ ರಾಜೀನಾಮೆ ಕೊಟ್ರು, ಅದೇ ವರ್ಷ ಇವಿ ಮುಖಂಡರ ಡೇಟಾ ಗುಂಪಿನ ಜೊತೆ ಇಲಾಖೆ ಸರಿಸಮಾನರಾಗಿ ಕೆಲಸ ಮಾಡೋ ಒಪ್ಪಂದ ಮಾಡ್ಕೊಂಡ್ತು. ನೋಡಿ, ಇಲ್ಲೇ ನಿಮ್ಮ ಪ್ರಶ್ನೆ ಬಾಲ ಎತ್ತುತ್ತೆ: ಇವಿ ಮುಖಂಡರು ಊರಿನ ಕುಲದ ಪರ ಮಾತಾಡ್ತಾರೆ ಸರಿ, ತಲೆಮಾರುಗಳಿಂದ ಆಕ್ಲೆಂಡ್ ಸಿಟಿಯಲ್ಲಿದ್ದು ತನ್ನ ಇವಿ ಯಾವುದು ಅಂತಲೇ ಗೊತ್ತಿಲ್ಲದ ಮಾವೋರಿ ಹುಡುಗನ ಪರ ಯಾರು? 2015ರಲ್ಲಿ ಶುರುವಾದ ಟೆ ಮನ ರರೌಂಗ ಅನ್ನೋ ಮಾವೋರಿ ಡೇಟಾ ಜಾಲದಲ್ಲಿ ಸಂಶೋಧಕರು ಹೆಚ್ಚು, ಅವರನ್ನೂ ಯಾರೂ ವೋಟು ಹಾಕಿ ಆರಿಸಿಲ್ಲ. 2025ರಲ್ಲಿ ಸರ್ಕಾರ 2030ರಿಂದ ಐದು ವರ್ಷಕ್ಕೊಮ್ಮೆಯ ಮನೆಮನೆ ಗಣತಿನೇ ಬೇಡ, ಆಫೀಸ್ ಫೈಲುಗಳಿಂದ, ಜೊತೆಗೆ ವರ್ಷಕ್ಕೊಂದು ಸಣ್ಣ ಸಮೀಕ್ಷೆಯಿಂದ ಲೆಕ್ಕ ತೆಗೀತೀವಿ ಅಂತ ಘೋಷಿಸಿದೆ. ಫೈಲಲ್ಲಿ ಇಲ್ಲದವನು ದೇಶದಲ್ಲೂ ಇಲ್ಲ ಅಂತಾಗದಿದ್ರೆ ಸಾಕು.

ಸಮುದಾಯಗಳ ಒಳಗೆ ಜಗಳ ಇದೆ, ಇರುತ್ತೆ. ಸರ್ಕಾರಗಳ ಒಳಗೂ ಇದೆ, ಹಾಗಂತ ಸರ್ಕಾರಗಳಿಗೆ ಡೇಟಾ ಬೇಡ ಅಂತ ಯಾರೂ ಹೇಳಲ್ಲವಲ್ಲ.

ಪ್ರಶ್ನೆ: ಗಿಡದ ಮೇಲೂ ಹಕ್ಕು ಕೇಳ್ತಾರಂತೆ? ಗಿಡಕ್ಕೂ ಡೇಟಾಗೂ ಏನು ಸಂಬಂಧ?

ಉತ್ತರ: ಹವಾಯಿಯ ಕೆಸುವಿನ ಗಡ್ಡೆ ವಿಷ್ಯ ಓದಿರಬೇಕು ನೀವು. 2002ರಲ್ಲಿ ಹವಾಯಿ ಯೂನಿವರ್ಸಿಟಿ ರೋಗ ತಡೆಯೋ ಮೂರು ಹೊಸ ಕೆಸು ತಳಿಗೆ ಪೇಟೆಂಟ್ ತಗೊಂಡ್ತು. ಹವಾಯಿ ಜನರ ಕಥೆಯಲ್ಲಿ ಆಕಾಶಪಿತನ ಮೊದಲ ಮಗು ಸತ್ತು ಹುಟ್ಟುತ್ತೆ, ಹೂತ ಜಾಗದಲ್ಲಿ ಕೆಸು ಮೊಳೆಯುತ್ತೆ, ಎರಡನೇ ಮಗುವಿನಿಂದ ಮನುಷ್ಯರು. ಅಂದ್ರೆ ಕೆಸು ಅವರಿಗೆ ಅಣ್ಣ, ಅಣ್ಣನಿಗೆ ಪೇಟೆಂಟಾ ಅಂತ ರೈತರು ಬೀದಿಗೆ ಬಂದ್ರು. ಅವರ ಹಿರಿಯರು ನೂರಾರು ವರ್ಷ ಆರಿಸಿ ಆರಿಸಿ ಬೆಳೆಸಿದ ತಳಿಯ ಜ್ಞಾನದ ಮೇಲೆ ಕಟ್ಟಿದ್ದು ಅದು, ಸಂಬಂಧ ಅಲ್ಲಿದೆ. 2006ರಲ್ಲಿ ಯೂನಿವರ್ಸಿಟಿ ಪೇಟೆಂಟ್ ಬಿಟ್ಟುಕೊಡ್ತು.

ಪ್ರಶ್ನೆ: ನಾನು ಡಿಗ್ರಿ ಸ್ಟೂಡೆಂಟ್. ಜಾನಪದ ಪ್ರಾಜೆಕ್ಟಿಗೆ ಬೇರೆ ದೇಶದ ಬುಡಕಟ್ಟು ಹಾಡುಗಳ ಹಳೇ ರೆಕಾರ್ಡಿಂಗ್ ಡೌನ್‌ಲೋಡ್ ಮಾಡ್ಕೊಂಡು ರೀಮಿಕ್ಸ್ ಮಾಡಬೇಕು ಅಂತಿದ್ದೀನಿ. ಕಾಪಿರೈಟ್ ಮುಗಿದಿರುತ್ತಲ್ಲ, ತೊಂದರೆ ಇಲ್ಲ ತಾನೆ?

ಉತ್ತರ: ತಡಿಯಪ್ಪ. 1890ರ ಮಾರ್ಚಿನಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅನ್ನೋರು ಎಡಿಸನ್‌ನ ಮೇಣದ ಸಿಲಿಂಡರ್ ಯಂತ್ರ ಹೊತ್ಕೊಂಡು ಅಮೆರಿಕದ ಮೇಯ್ನ್ ರಾಜ್ಯಕ್ಕೆ ಹೋಗಿ ಪಸ್ಸಮಕ್ವಾಡಿ ಜನರ ಹಾಡು, ಕಥೆ ರೆಕಾರ್ಡ್ ಮಾಡಿದ್ರು. ಊರಿಗೇ ಹೋಗಿ ಮೂಲನಿವಾಸಿಗಳ ದನಿ ಹಿಡಿದಿದ್ದು ಅದೇ ಮೊದಲು. 30ಕ್ಕೂ ಹೆಚ್ಚು ಸಿಲಿಂಡರ್ ಉಳಿದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿವೆ. ನೂರು ವರ್ಷ ದಾಟಿದ್ರೂ ಹಾಡಿದವರ ಮೊಮ್ಮಕ್ಕಳಿಗೆ ಅದರ ಮೇಲೆ ಯಾವ ಹಕ್ಕೂ ಇರಲಿಲ್ಲ, ಕಾನೂನಿನ ಕಣ್ಣಲ್ಲಿ ಹಾಡಿದವರಿಗಿಂತ ಯಂತ್ರ ಹಿಡಿದವರೇ ದೊಡ್ಡವರು. ಈಗ ಪಸ್ಸಮಕ್ವಾಡಿ ಹಿರಿಯರು ಒಂದೊಂದೇ ರೆಕಾರ್ಡಿಂಗ್ ಕೇಳಿ, ಇದು ಯಾರ ಹಾಡು, ಯಾವಾಗ ಹಾಡೋದು ಅಂತ ಬಿಡಿಸಿ ಹೇಳಿ, ಯಾವುದು ಎಲ್ಲರಿಗೂ, ಯಾವುದು ತಮ್ಮವರಿಗೆ ಮಾತ್ರ ಅಂತ ತೀರ್ಮಾನ ಮಾಡ್ತಿದ್ದಾರೆ. ಲೈಬ್ರರಿಯ ಪುಟದಲ್ಲಿ ಹಾಡಿನ ಜೊತೆಗೆ ಅವರದೇ ಭಾಷೆಯ ಲೇಬಲ್ ಕಾಣುತ್ತೆ, ಲೋಕಲ್ ಕಾಂಟೆಕ್ಸ್ಟ್ಸ್ ಅನ್ನೋ ಸಂಸ್ಥೆಯ ಜೊತೆ ಸೇರಿ ಮಾಡಿದ್ದು. ಕಾನೂನಿನ ಬಲ ಅದಕ್ಕಿಲ್ಲ, ನೀನು ಅದನ್ನ ನೋಡಿಯೂ ಡೌನ್‌ಲೋಡ್ ಒತ್ತಿದ್ರೆ ಯಾವ ಪೊಲೀಸೂ ಬರಲ್ಲ. ಒತ್ತೋ ಮುಂಚೆ ಲೇಬಲ್ ಓದು, ಒಂದು ಲೇಬಲಿನ ಅರ್ಥ ಹೀಗಿದೆ: ಇದು ಮಾರೋದಕ್ಕಲ್ಲ.